ಬೆಂಗಳೂರು ಉತ್ತರ ಭಾಗದ ಜನಪದ ರಂಗ ಮತ್ತು ಧ್ವನಿಮಾರ್ಗಗಳ ಬದಲಾವಣೆ: ಒಂದು ಚಾರಿತ್ರಿಕ ಅವಲೋಕನ

ಜನಪದ ರಂಗಕಲೆಗಳನ್ನು ಕುರಿತ ಅಧ್ಯಯನಗಳಲ್ಲಿ ಕಥಾವಸ್ತು, ವೇಷಭೂಷಣ, ಮಟ್ಟು, ತಾಳ, ಕುಣಿತ, ಆರಾಧನೆಯ ಹಿನ್ನೆಲೆ ಮೊದಲಾದ ಸಂಗತಿಗಳು ವಿವರವಾದ ಚರ್ಚೆಗೆ ಒಳಗಾಗಿವೆ. ಆದರೆ ಹಲವು ದಶಕಗಳಿಂದ ರಂಗದ ನಟ್ಟನಡುವೆಯೇ ನಿಂತಿರುವ ಧ್ವನಿವರ್ಧಕದ ಕಡೆಗೆ ವಿದ್ವಾಂಸರ ಗಮನ ಹರಿದಿರುವುದು ಕಡಿಮೆ. ಹರಿದಾಗಲೂ ಅದು 'ಆಧುನಿಕತೆಯ ಹಾವಳಿ' ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಧ್ವನಿವರ್ಧಕವು ದನಿಯನ್ನು ದೊಡ್ಡದು ಮಾಡುವುದಷ್ಟೇ ಅಲ್ಲ. ಹಲವು ದನಿಗಳಿರುವಲ್ಲಿ ಯಾವುದು ಯಾವಾಗ ಕೇಳಬೇಕು ಎಂಬುದನ್ನೂ ಅದು ನಿರ್ಧರಿಸುತ್ತದೆ. ಈ ನಿರ್ಧಾರ ಬಯಲಿನ ಕಲಾವಿದನ ಕೈಯಿಂದ ಮೈಕ್ ಸೆಟ್ಟಿನವರ ಕೈಗೆ, ಅಲ್ಲಿಂದ ಯಂತ್ರದ ನೆನಪಿಗೆ ಸಾಗಿಬಂದ ಬಗೆಯನ್ನು ಬೆಂಗಳೂರಿನ ಉತ್ತರ ಭಾಗವನ್ನು ಕೇಂದ್ರವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಯಲಹಂಕ, ಹೆಬ್ಬಾಳ, ಯಶವಂತಪುರ ಮತ್ತು ಇಂದು ಆರ್.ಟಿ. ನಗರವೆಂದೇ ಪರಿಚಿತವಾಗಿರುವ ರವೀಂದ್ರನಾಥ ಟಾಗೋರ್ ನಗರ, ಇವುಗಳ ಸುತ್ತಣ ಪ್ರದೇಶ ಈ ಅಧ್ಯಯನಕ್ಕೆ ಒದಗಿಬರುವುದಕ್ಕೆ ಕಾರಣವಿದೆ. ಒಂದು ಕಡೆ ಇದು ಯಲಹಂಕ ನಾಡಪ್ರಭುಗಳ ಹಳೆಯ ಸೀಮೆ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಗೆ ಹಬ್ಬಿದ ಹಳ್ಳಿಗಳಲ್ಲಿ ಮೂಡಲಪಾಯ ಬಯಲಾಟ, ಪೌರಾಣಿಕ ನಾಟಕ, ಕರಗ, ತಮಟೆ ವಾದ್ಯಗಳ ಪರಂಪರೆ ಇದ್ದ ನೆಲ. ಇನ್ನೊಂದು ಕಡೆ ದೇಶದ ಎಲೆಕ್ಟ್ರಾನಿಕ್ ಉದ್ಯಮ ಬೇರುಬಿಟ್ಟ ಜಾಗಗಳಲ್ಲಿ ಇದೂ ಒಂದು. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನೂ ಆಕಾಶವಾಣಿಗೆ ಬೇಕಾದ ಪ್ರಸಾರ ಯಂತ್ರಗಳನ್ನೂ ತಯಾರಿಸತೊಡಗಿತು. ಅದರ ನೆರೆಯಲ್ಲೇ ಎಚ್.ಎಂ.ಟಿ., ಯಲಹಂಕದಲ್ಲಿ 1984ರಿಂದ ರೈಲು ಗಾಲಿ ಕಾರ್ಖಾನೆ. ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಊರಿನ ನಾಟಕದಲ್ಲಿ ಭೀಮನಾಗಿ ಗದೆ ಹೊತ್ತವರು ಈ ಭಾಗಕ್ಕೆ ಅಪರೂಪದವರಲ್ಲ. ಬಯಲಾಟ ಮತ್ತು ವಾಲ್ವು ಒಂದೇ ಮನೆಯ ಜಗುಲಿಯ ಮೇಲೆ ಭೇಟಿಯಾದ ಪ್ರದೇಶವಿದು.

ಬಯಲಿನ ಏರ್ಪಾಡು

ಧ್ವನಿವರ್ಧಕ ಬರುವ ಮುನ್ನ ದನಿಗಳ ಸರತಿ ಹೇಗೆ ನಡೆಯುತ್ತಿತ್ತು ಎಂಬುದನ್ನು ಮೊದಲು ನೋಡಬೇಕು. ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರ ಶ್ರಮದಿಂದ ಬೆಳಕಿಗೆ ಬಂದ ಮೂಡಲಪಾಯದಲ್ಲಿ ಭಾಗವತ, ಮದ್ದಳೆ, ತಾಳ, ಮುಖವೀಣೆ ಮತ್ತು ಹಿಮ್ಮೇಳದ ಹಾಡುಗಾರರು ಪಾತ್ರಧಾರಿಯ ಬೆನ್ನಿಗೇ ನಿಲ್ಲುತ್ತಾರೆ. ಭಾಗವತ ಎತ್ತಿದ ಪದವನ್ನು ಹಿಮ್ಮೇಳ ಹಿಡಿಯುತ್ತದೆ. ಮುಖವೀಣೆ ಶ್ರುತಿಯನ್ನು ಕೊಡುತ್ತಲೇ ಪದದ ಜಾಡು ಹಿಡಿದು ನಡೆಯುತ್ತದೆ. ಪಾತ್ರಧಾರಿ ಮಾತಿಗೆ ತೊಡಗಿದಾಗ ಮದ್ದಳೆ ತಗ್ಗುತ್ತದೆ, ಮಾತಿನ ಕೊನೆ ಸಮೀಪಿಸಿದೊಡನೆ ಏರುತ್ತದೆ. ಕೋಡಂಗಿಯ ಮಾತು ಎಲ್ಲಿಂದ ತೂರಿಬರುತ್ತದೆಂದು ಯಾರೂ ಮೊದಲೇ ಹೇಳುವಂತಿಲ್ಲ.

ಇಲ್ಲಿ ಒಂದು ದನಿ ಹಿಂದೆ ಸರಿದು ಇನ್ನೊಂದು ಮುಂದೆ ಬರುವುದು ಕಲಾವಿದರ ಪರಸ್ಪರ ತಿಳಿವಳಿಕೆಯಿಂದ. ತಾಲೀಮಿನಲ್ಲಿ ಕಲಿಯುವುದರ ದೊಡ್ಡ ಪಾಲು ಇದೇ ಆಗಿತ್ತು. ಹಾಡು ಕಲಿಯುವುದಕ್ಕಿಂತ ಹಾಡಿಗೆ ಜಾಗ ಬಿಡುವುದನ್ನು ಕಲಿಯುವುದು ಕಷ್ಟ. ಕೇಳುಗನಿಗೂ ಒಂದು ಸ್ವಾತಂತ್ರ್ಯವಿತ್ತು. ಮುಖವೀಣೆಯ ಮೋಹವಿದ್ದವನು ಆ ಮಗ್ಗುಲಿಗೆ ಹೋಗಿ ಕೂರುತ್ತಿದ್ದ. ಮಾತಿನ ಚಪಲದವನು ಎದುರಿಗೆ ಕೂರುತ್ತಿದ್ದ.

ಒಂದೇ ಮೈಕಿನ ಕಾಲ

ಹಳ್ಳಿಗಳಿಗೆ ಮೈಕ್ ಸೆಟ್ಟು ಬಂದದ್ದು ವಿದ್ಯುತ್ತಿಗಾಗಿ ಕಾದು ಕುಳಿತಲ್ಲ. ಕಾರಿನ ಬ್ಯಾಟರಿಯಿಂದ ನಡೆಯುವ ಆಂಪ್ಲಿಫೈಯರ್, ಮರದ ಕೊಂಬೆಗೋ ಬಿದಿರಿಗೋ ಕಟ್ಟಿದ ಹಾರ್ನು, ಒಂದು ಗ್ರಾಮಫೋನು, ಒಂದು ಮೈಕು: ಇಷ್ಟಿದ್ದರೆ ಮದುವೆಗೂ ಜಾತ್ರೆಗೂ ಸಾಕಾಗುತ್ತಿತ್ತು. ಷಿಕಾಗೊ ರೇಡಿಯೊ, ಅಹುಜ ಮುಂತಾದ ಹೆಸರುಗಳು ಹಳ್ಳಿಯ ಮಕ್ಕಳಿಗೂ ಬಾಯಿಪಾಠವಾಗಿದ್ದವು. ಬೆಂಗಳೂರಿನಲ್ಲಿ 1905ರಲ್ಲೇ ವಿದ್ಯುದ್ದೀಪ ಬೆಳಗಿದರೂ ಸುತ್ತಣ ಹಳ್ಳಿಗಳ ಆಟಗಳು ಅನಂತರವೂ ಬಹುಕಾಲ ಪಂಜು, ಪೆಟ್ರೊಮ್ಯಾಕ್ಸುಗಳ ಬೆಳಕಿನಲ್ಲೇ ನಡೆದವು. ಮೊದಲು ದೊಡ್ಡದಾದದ್ದು ದನಿ, ಆಮೇಲೆ ಬೆಳಕು.

ಈ ಕಾಲದ ಲಕ್ಷಣವನ್ನು ಅತ್ಯಂತ ಸ್ಪಷ್ಟವಾಗಿ ಕಾಣಬಹುದಾದದ್ದು 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕಗಳಲ್ಲಿ. ವೃತ್ತಿ ಕಂಪನಿಗಳ ನಾಟಕಗಳನ್ನು ನೋಡಿ ಹಳ್ಳಿಗರು ತಮ್ಮದಾಗಿಸಿಕೊಂಡ ಈ ಪ್ರಕಾರದಲ್ಲಿ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿನಲ್ಲಿದ್ದು ರೈತರಿಗೆ ಕಂದ, ಸೀಸಪದ್ಯ, ಹಾಡುಗಳನ್ನು ಕಲಿಸುತ್ತಾರೆ. ಸೀನರಿ, ಉಡುಪು, ಮೈಕು ಬಾಡಿಗೆಗೆ ಬರುತ್ತವೆ. ರಂಗದ ನಡುಮಧ್ಯದಲ್ಲಿ ಮೇಲಿನಿಂದ ಇಳಿಬಿಟ್ಟ ಒಂದು ಮೈಕು. ದುರ್ಯೋಧನ ಎಷ್ಟೇ ಆರ್ಭಟಿಸಿ ರಂಗದ ತುದಿಯಿಂದ ಬಂದರೂ ಹಾಡಬೇಕಾದಾಗ ಆ ಮೈಕಿನ ಕೆಳಗೇ ಬಂದು ನಿಲ್ಲಬೇಕು. ಕೃಷ್ಣ ಹಾಡುತ್ತಿರುವಷ್ಟು ಹೊತ್ತು ಅರ್ಜುನ ಅರ್ಧ ಹೆಜ್ಜೆ ಹಿಂದೆ; ಹಾಡು ಮುಗಿದೊಡನೆ ಇಬ್ಬರೂ ಜಾಗ ಬದಲಿಸುತ್ತಾರೆ.

ನಾಗರಿಕ ಪ್ರೇಕ್ಷಕರು ಇದನ್ನು ಅಭಿನಯದ ದೋಷವೆಂದು ನಕ್ಕದ್ದುಂಟು. ವಾಸ್ತವವಾಗಿ ಇದೊಂದು ಸೊಗಸಾದ ಹೊಂದಾಣಿಕೆ. ಬಯಲಿನಲ್ಲಿ ದನಿಯ ಏರಿಳಿತದಿಂದ ಆಗುತ್ತಿದ್ದ ಸರತಿಯ ಬದಲಾವಣೆ ಇಲ್ಲಿ ಕಾಲಿನ ಹೆಜ್ಜೆಯಿಂದ ಆಗತೊಡಗಿತು. ಯಂತ್ರ ಹೊಸದಾದರೂ ಯಾರ ದನಿ ಕೇಳಬೇಕು ಎಂಬ ತೀರ್ಮಾನ ಕಲಾವಿದರಲ್ಲೇ ಉಳಿದಿತ್ತು. ಮೈಕ್ ಸೆಟ್ಟಿನವರ ಕೆಲಸ ಬ್ಯಾಟರಿಯ ನೀರು ನೋಡುವುದು, ಮೈಕು ಕೂಗಿದಾಗ ದನಿ ತಗ್ಗಿಸುವುದು, ಬಿಡುವಿನಲ್ಲಿ ತಟ್ಟೆ ಹಾಕುವುದು, ಇಷ್ಟೆ. ಯಶವಂತಪುರ, ಮತ್ತಿಕೆರೆಗಳ ಸುತ್ತ ನೆಲೆಸಿದ ಕರಾವಳಿಯವರು ಆಡಿಸಿದ ಯಕ್ಷಗಾನಗಳಲ್ಲೂ ಭಾಗವತರಿಗೊಂದು ಮೈಕು, ಅರ್ಥಧಾರಿಗಳಿಗೆ ತೂಗುಬಿಟ್ಟ ಒಂದೆರಡು ಮೈಕು ಎಂಬ ಕ್ರಮವೇ ಬಹುಕಾಲ ನಡೆಯಿತು.

ಆಕಾಶವಾಣಿಯ ಮಾದರಿ

ಒಂದು ದನಿಯನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದನ್ನೇ ಉದ್ಯೋಗವಾಗಿ ರೂಪಿಸಿದ ಮೊದಲ ಸಂಸ್ಥೆ ರೇಡಿಯೊ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ 1955ರಲ್ಲಿ ಬೆಂಗಳೂರಿಗೆ ಬಂದ ಮೇಲೆ, ಸ್ಟುಡಿಯೊ ಮತ್ತು ಪ್ರಸಾರ ಯಂತ್ರಗಳ ನಡುವಣ ನಿಯಂತ್ರಣ ಕೊಠಡಿ ಈ ನಗರಕ್ಕೆ ಪರಿಚಿತವಾಯಿತು. ವಾರ್ತೆಯ ಸ್ಟುಡಿಯೊ ಮುಚ್ಚಿ ಸಂಗೀತದ ಸ್ಟುಡಿಯೊ ತೆರೆಯುವ ಆ ಒಂದು ಕ್ಷಣದಲ್ಲಿ ಕೇಳುಗನಿಗೆ ಯಾವ ಸದ್ದೂ ತಿಳಿಯಬಾರದು ಎಂಬ ಶಿಸ್ತು ಅಲ್ಲಿಯದು.

1994ರಲ್ಲಿ ಯಲಹಂಕದಲ್ಲಿ ಆಕಾಶವಾಣಿಯ ಮಹಾಶಕ್ತಿ ಪ್ರಸಾರ ಕೇಂದ್ರ ಕಾರ್ಯಾರಂಭ ಮಾಡಿತು. ಒಂದೊಂದೂ 500 ಕಿಲೋವಾಟ್ ಶಕ್ತಿಯ ಕಿರುತರಂಗ ಪ್ರಸಾರ ಯಂತ್ರಗಳು ಅಲ್ಲಿದ್ದವು. ಯಾವ ಭಾಷೆಯ ಕಾರ್ಯಕ್ರಮ ಯಾವ ಯಂತ್ರಕ್ಕೆ, ಆ ಯಂತ್ರ ಯಾವ ದಿಕ್ಕಿನ ಆಂಟೆನಾಕ್ಕೆ ಎಂಬುದನ್ನು ಗಳಿಗೆ ಗಳಿಗೆಗೆ ಬದಲಿಸುವುದೇ ಇಂಥ ಕೇಂದ್ರದ ಮುಖ್ಯ ಕೆಲಸ. ಪ್ರಾಸಂಗಿಕವಾಗಿ ಹೇಳುವುದಾದರೆ, ಯಲಹಂಕದ ನೆಲದಿಂದ ಹೊರಟ ಅತ್ಯಂತ ದೊಡ್ಡ ದನಿ ಯಲಹಂಕದವರಿಗಾಗಿ ಇರಲಿಲ್ಲ. ಅದು ದೂರದೇಶಗಳನ್ನು ಉದ್ದೇಶಿಸಿದ್ದಾಗಿತ್ತು. ಅದೇ ಊರಿನ ತಮಟೆಯವನ ಸದ್ದು ಪಕ್ಕದ ಬಡಾವಣೆಯನ್ನು ದಾಟುವುದು ಕಷ್ಟವಾಗತೊಡಗಿದ್ದೂ ಸುಮಾರಿಗೆ ಆ ವರ್ಷಗಳಲ್ಲಿಯೇ.

ಹಲವು ಚಾನೆಲ್ಲುಗಳು, ಒಬ್ಬ ಆಪರೇಟರ್

ಹಲವು ಮೈಕುಗಳನ್ನು ಒಂದುಗೂಡಿಸುವ ಮಿಕ್ಸರ್ ಜನಪದ ರಂಗಕ್ಕೆ ಬಂದದ್ದು ಕಾರ್ಖಾನೆಗಳ ಕನ್ನಡ ಸಂಘಗಳ ರಾಜ್ಯೋತ್ಸವ, ಗಣೇಶೋತ್ಸವದ ಆರ್ಕೆಸ್ಟ್ರಾಗಳ ದಾರಿಯಿಂದ. ಆರ್ಕೆಸ್ಟ್ರಾಕ್ಕಾಗಿ ಹಾಕಿದ ವೇದಿಕೆಯ ಮೇಲೆಯೇ ಮುಂಜಾವದ ಬದಲು ಸಂಜೆ ಡೊಳ್ಳು, ವೀರಗಾಸೆ, ಬಯಲಾಟದ ತುಣುಕು. ಒಂದೊಂದು ಮೈಕಿಗೆ ಒಂದೊಂದು ಧ್ವನಿಮಾರ್ಗ, ಮೈಕ್ ಸೆಟ್ಟಿನವರ ಮಾತಿನಲ್ಲಿ 'ಚಾನೆಲ್'. ಒಂದೊಂದು ಚಾನೆಲ್ಲಿಗೂ ಮೇಲೆ ಕೆಳಗೆ ಸರಿಸುವ ಒಂದು ಫೇಡರ್. ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಗಳಲ್ಲಿ ಸಿಗುವ ಬಿಡಿಭಾಗಗಳಿಂದ ತಾವೇ ಪೆಟ್ಟಿಗೆ ಕಟ್ಟಿಕೊಂಡ ಬಾಡಿಗೆಯವರೂ ಇದ್ದರು. ಅರಮನೆ ಮೈದಾನದಲ್ಲಿ 2002ರಲ್ಲಿ ರಾಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ತಂಡಗಳ ಕಚೇರಿಗಳು ನಡೆದಾಗ ಮೇಖ್ರಿ ವೃತ್ತದಿಂದ ಹೆಬ್ಬಾಳದ ಕಡೆಯ ಜನ ಕಂಡ ಶಬ್ದವ್ಯವಸ್ಥೆಯ ಪ್ರಮಾಣವೇ ಬೇರೆ.

ಹಲವು ಮೈಕು ಬಂದ ಮೇಲೆ ಎಲ್ಲರ ದನಿಯೂ ಕೇಳಿಸಬೇಕಿತ್ತು. ಆದದ್ದು ಅದಲ್ಲ. ಇದಕ್ಕೆ ಕಾರಣ ಆಪರೇಟರನ ಉದಾಸೀನವೊಂದೇ ಎಂದು ತಿಳಿಯಬಾರದು. ಶಬ್ದದ ನಿಯಮವೇ ಹಾಗಿದೆ. ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ, ವ್ಯವಸ್ಥೆ ಕೂಗತೊಡಗುವ ಮುನ್ನ ಏರಿಸಬಹುದಾದ ಮಟ್ಟ ಸುಮಾರು 3 ಡೆಸಿಬಲ್‌ನಷ್ಟು ಕುಗ್ಗುತ್ತದೆ. ಎಂಟು ಮೈಕು ತೆರೆದಿಟ್ಟರೆ ಒಂದೇ ಮೈಕಿದ್ದಾಗಿನದಕ್ಕಿಂತ ಸುಮಾರು 9 ಡೆಸಿಬಲ್ ಕಡಿಮೆ. ಆದ್ದರಿಂದ ಆಪರೇಟರ್ ಬೇಡದ ಮೈಕುಗಳನ್ನು ಮುಚ್ಚಲೇಬೇಕು. ಯಾವುದು ಬೇಡ? ಆತನ ಕಿವಿ ಸಿನಿಮಾ ಹಾಡಿನಲ್ಲಿ ಪಳಗಿದ್ದು. ಮುಂದೆ ನಿಂತವನು ಗಾಯಕ, ಉಳಿದವರು ಪಕ್ಕವಾದ್ಯ ಎಂಬುದು ಅವನ ತಿಳಿವಳಿಕೆ. ಆ ಲೆಕ್ಕದಲ್ಲಿ ಸೊಲ್ಲು ಹಿಡಿಯುವವರು, ಮುಖವೀಣೆಯವರು ಮೊದಲು ಮುಚ್ಚಿಹೋದರು.

ಇದರ ಪರಿಣಾಮ ಅತ್ಯಂತ ತೀಕ್ಷ್ಣವಾಗಿ ಕಾಣುವುದು ಪದದ ಎತ್ತುಗಡೆಯಲ್ಲಿ. ಮಾತಿನ ಕೊನೆಯ ಶಬ್ದ ಪಾತ್ರಧಾರಿಯ ಬಾಯಲ್ಲಿರುವಾಗಲೇ ಭಾಗವತ ಪದ ಎತ್ತುತ್ತಾನೆ. ಆ ಒತ್ತೊತ್ತಿನಲ್ಲೇ ಆಟದ ಬಿಗಿ ಇದೆ. ಸಂಭಾಷಣೆಯ ಹೊತ್ತಿನಲ್ಲಿ ಹಿಮ್ಮೇಳದ ಚಾನೆಲ್ಲುಗಳನ್ನು ಮುಚ್ಚಿಟ್ಟಿದ್ದ ಆಪರೇಟರ್ ಎಚ್ಚತ್ತು ಫೇಡರ್ ಏರಿಸುವಷ್ಟರಲ್ಲಿ ಮೊದಲ ಮಾತ್ರೆಗಳು ಕಳೆದುಹೋಗಿರುತ್ತವೆ. ಕ್ರಮೇಣ ಭಾಗವತರು ಇದಕ್ಕೆ ಹೊಂದಿಕೊಂಡರು: ಮಾತು ಪೂರ್ತಿ ಮುಗಿಯಲಿ, ಒಂದು ಗಳಿಗೆ ಬಿಡುವಿರಲಿ, ಆಮೇಲೆ ಎತ್ತೋಣ. ಕೇಳುವವರಿಗೆ ಆಟ ಈಚೆಗೆ ಯಾಕೋ ಸಡಿಲವಾಯಿತು ಎನಿಸಿದ್ದರೆ ಅದರ ಒಂದು ಕಾರಣ ಇಲ್ಲಿದೆ.

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದವು. 2005ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಬಿಗಿಗೊಳಿಸಿತು. ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದೆಂಬುದನ್ನು ಬಿಟ್ಟರೆ ಇಡೀ ರಾತ್ರಿಯ ಆಟಕ್ಕೆ ನಗರದಲ್ಲಿ ಎಡೆಯಿಲ್ಲ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ನಗರಸಭೆಗಳು ಬೃಹತ್ ಬೆಂಗಳೂರು ಪಾಲಿಕೆಯಲ್ಲಿ ಲೀನವಾದವು, ಬಯಲು ಬಡಾವಣೆಯಾಯಿತು, ಆಟ ಮೂರು ಗಂಟೆಗೆ ಇಳಿದು ಸಭಾಂಗಣ ಸೇರಿತು. ನಿದ್ದೆಗೆಡದ ನೆರೆಯವರ ಹಕ್ಕನ್ನು ಅಲ್ಲಗಳೆಯಲಾಗದು. ಆದರೆ ಸಭಾಂಗಣಕ್ಕೆ ಬಂದ ಆಟ ಪೂರ್ತಿಯಾಗಿ ಆಪರೇಟರನ ಕೈಗೆ ಬಂದಿತೆಂಬುದನ್ನು ಗಮನಿಸಬೇಕು.

ಗಡಿಯಾರ ಮತ್ತು ತಾಳ

ಈ ಇತಿಹಾಸದ ಕೊನೆಯ ಘಟ್ಟ ಡಿಜಿಟಲ್ ವ್ಯವಸ್ಥೆಯದು. ದನಿಯನ್ನು ಅಲೆಯಾಗಿ ತಂತಿಯಲ್ಲಿ ಹರಿಸುವ ಬದಲು ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿ ಕಳುಹಿಸುವುದು ಇದರ ತತ್ತ್ವ. 1985ರಲ್ಲಿ ಪ್ರಕಟವಾದ ಎಇಎಸ್-3 ಎಂಬ ಮಾನಕವು ಒಂದು ಕೇಬಲ್ಲಿನಲ್ಲಿ ಎರಡು ಚಾನೆಲ್ಲುಗಳನ್ನು ಒಯ್ಯುವ ಕ್ರಮವನ್ನು ನಿಗದಿಪಡಿಸಿತು. ಒಂದೊಂದು ಚಾನೆಲ್ಲಿನ ಒಂದೊಂದು ಅಳತೆಗೂ 32 ಬಿಟ್‌ಗಳ ಪುಟ್ಟ ಪೊಟ್ಟಣ. ಹೀಗೆ ಸೆಕೆಂಡಿಗೆ 30 ಲಕ್ಷಕ್ಕೂ ಮಿಕ್ಕಿದ ಬಿಟ್‌ಗಳು. 1991ರಲ್ಲಿ ಬಂದ 'ಮ್ಯಾಡಿ' ಮಾನಕ ಒಂದೇ ತಂತಿಯಲ್ಲಿ 56 ಚಾನೆಲ್ಲುಗಳನ್ನು ಒಯ್ದಿತು. ಮುಂದೆ ಅದು 64 ಆಯಿತು. ವೇದಿಕೆಯಿಂದ ಮಿಕ್ಸರಿನವರೆಗೆ ಹೆಬ್ಬಾವಿನಂತೆ ಬಿದ್ದಿರುತ್ತಿದ್ದ ಬಹುತಂತಿಯ ಕೇಬಲ್ಲಿನ ಜಾಗಕ್ಕೆ ಕಿರುಬೆರಳಿಗಿಂತ ತೆಳ್ಳಗಿನ ಒಂದು ತಂತಿ ಬಂತು. ಕಂಪ್ಯೂಟರ್ ಜಾಲದ ಸಾಮಾನ್ಯ ಕೇಬಲ್ಲಿನಲ್ಲೇ ದನಿಯನ್ನು ಹಂಚುವ ಕೋಬ್ರಾನೆಟ್, ಡಾಂಟೆ ಮೊದಲಾದ ಪದ್ಧತಿಗಳು ಅನಂತರದವು. 2012ರ ಸುಮಾರಿಗೆ 32 ಚಾನೆಲ್ಲಿನ ಡಿಜಿಟಲ್ ಮಿಕ್ಸರುಗಳ ಬೆಲೆ ಗಣನೀಯವಾಗಿ ಇಳಿದ ಮೇಲೆ ಸಾಮಾನ್ಯ ಬಾಡಿಗೆಯವರೂ ಅವನ್ನು ಇಟ್ಟುಕೊಳ್ಳುವಂತಾಯಿತು.

ಇಲ್ಲಿ ಒಂದು ಚಾನೆಲ್ಲಿನಿಂದ ಇನ್ನೊಂದಕ್ಕೆ ಬದಲಾಯಿಸುವುದು ಹಳೆಯ ಗುಂಡಿ ತಿರುಗಿಸಿದಂತಲ್ಲ. ಹಳೆಯ ವ್ಯವಸ್ಥೆಯಲ್ಲಿ ಎರಡು ಮೈಕುಗಳಿಗೆ ಪರಸ್ಪರ ಸಂಬಂಧವೇ ಬೇಕಿರಲಿಲ್ಲ. ಡಿಜಿಟಲ್ ವ್ಯವಸ್ಥೆಯಲ್ಲಿ ಪ್ರತಿ ಉಪಕರಣದ ಒಳಗೂ ಅಳತೆಯ ಗತಿಯನ್ನು ಕಾಯುವ ಒಂದು ಗಡಿಯಾರವಿದೆ. ಎರಡು ಗಡಿಯಾರಗಳು ದಶಲಕ್ಷಕ್ಕೆ ಹತ್ತು ಪಾಲಿನಷ್ಟು ವ್ಯತ್ಯಾಸದಿಂದ ನಡೆದರೂ ಸುಮಾರು ಎರಡು ಸೆಕೆಂಡಿಗೊಮ್ಮೆ ಒಂದು ಅಳತೆ ಹೆಚ್ಚಾಗುತ್ತದೆ ಅಥವಾ ಕಳೆದುಹೋಗುತ್ತದೆ. ಅಂಥ ಎರಡು ಮೂಲಗಳ ನಡುವೆ ಬದಲಾಯಿಸಿದರೆ ಪಡೆಯುವ ಯಂತ್ರ ಗತಿ ತಪ್ಪಿ ಕ್ಷಣಕಾಲ ಮೂಕವಾಗುತ್ತದೆ, ಇಲ್ಲವೇ 'ಟಪ್' ಎಂಬ ಸದ್ದು ಸ್ಪೀಕರಿನಲ್ಲಿ ಸಿಡಿಯುತ್ತದೆ. ಇದನ್ನು ತಪ್ಪಿಸಲು ಇಡೀ ವ್ಯವಸ್ಥೆಗೆ ಒಂದೇ ಗಡಿಯಾರವನ್ನು ಯಜಮಾನನನ್ನಾಗಿ ಮಾಡಿ ಉಳಿದವೆಲ್ಲ ಅದನ್ನು ಅನುಸರಿಸುವಂತೆ ಕಟ್ಟುತ್ತಾರೆ; ಅನುಸರಿಸಲಾರದ ಉಪಕರಣವಿದ್ದರೆ ಅದರ ಗತಿಯನ್ನು ಪರಿವರ್ತಿಸಿ ಒಳಕ್ಕೆ ಬಿಡುತ್ತಾರೆ. ಬದಲಾವಣೆ ನಡೆಯಬೇಕಾದದ್ದು ಪೊಟ್ಟಣದ ನಡುವೆ ಅಲ್ಲ, ಎರಡು ಪೊಟ್ಟಣಗಳ ಸಂಧಿಯಲ್ಲಿ. ಜೊತೆಗೆ ಹಳೆಯ ದನಿ ಕೆಲವು ಮಿಲಿಸೆಕೆಂಡುಗಳಲ್ಲಿ ಇಳಿದು ಹೊಸದು ಏರಬೇಕು.

ಜನಪದ ಸಂಗೀತದ ಪರಿಚಯವುಳ್ಳವರಿಗೆ ಇದು ಅಪರಿಚಿತ ಸಂಗತಿಯಲ್ಲ. ಎರಡು ಊರಿನ ಮದ್ದಳೆಗಾರರು ತಮ್ಮ ತಮ್ಮ ಲಯದಲ್ಲಿ ಎಷ್ಟೇ ಗಟ್ಟಿಗರಾಗಿದ್ದರೂ ಒಬ್ಬ ತಾಳದವನನ್ನು ಒಪ್ಪದೆ ಜೊತೆಗೆ ನುಡಿಸಲಾರರು. ಪದವನ್ನು ಎಲ್ಲೆಂದರಲ್ಲಿ ಬಿಟ್ಟು ಎಲ್ಲೆಂದರಲ್ಲಿ ಹಿಡಿಯುವಂತಿಲ್ಲ, ತಾಳದ ಸಂಧಿಯಲ್ಲೇ ಹಿಡಿಯಬೇಕು. ಹೋಲಿಕೆ ಇಷ್ಟಕ್ಕೆ ನಿಲ್ಲುತ್ತದೆ. ಭಾಗವತನ ತಾಳ ಪಾತ್ರಧಾರಿಯ ಉಸಿರನ್ನು ನೋಡಿ ಹಿಗ್ಗುತ್ತದೆ, ಕುಗ್ಗುತ್ತದೆ. ಯಂತ್ರದ ಗಡಿಯಾರ ಯಾರನ್ನೂ ನೋಡುವುದಿಲ್ಲ.

ಡಿಜಿಟಲ್ ಮಿಕ್ಸರಿನ ಇನ್ನೊಂದು ಗುಣ ಅದರ ನೆನಪು. ಯಾವ ಚಾನೆಲ್ ತೆರೆದಿರಬೇಕು, ಯಾವುದು ಎಷ್ಟು ಏರಿರಬೇಕು ಎಂಬುದನ್ನೆಲ್ಲ 'ಸೀನ್' ಎಂಬ ಹೆಸರಿನಲ್ಲಿ ಉಳಿಸಿಟ್ಟು ಒಂದು ಗುಂಡಿ ಒತ್ತಿ ಮರಳಿ ಪಡೆಯಬಹುದು. ಬರೆದ ನಾಟಕಕ್ಕೆ ಇದು ವರ. 'ಕುರುಕ್ಷೇತ್ರ'ದ ಆಸ್ಥಾನದ ದೃಶ್ಯಕ್ಕೊಂದು, ರಣರಂಗಕ್ಕೊಂದು ಸೀನನ್ನು ಮೊದಲೇ ಸಿದ್ಧಮಾಡಬಹುದು. ಆದರೆ 'ಕರಿಭಂಟನ ಕಾಳಗ'ದ ಮೂಡಲಪಾಯದ ಆಟದಲ್ಲಿ ಮುಂದೆ ಯಾರ ದನಿ ಏಳುತ್ತದೆಂಬುದು ಆ ರಾತ್ರಿಯ ಉಮೇದಿಗೆ ಬಿಟ್ಟದ್ದು. ಕೋಡಂಗಿಯ ಮಾತನ್ನು ಸೀನಿನಲ್ಲಿ ಉಳಿಸಿಡುವಂತಿಲ್ಲ. ಹಳೆಯ ಆಪರೇಟರ್ ತಡವಾಗಿಯಾದರೂ ಕೇಳಿ ಫೇಡರ್ ಏರಿಸುತ್ತಿದ್ದ. ಸೀನಿನ ಮೇಲೆ ಭಾರ ಹಾಕಿದವನು ಕೇಳುವುದನ್ನೇ ಬಿಡುವ ಅಪಾಯವಿದೆ.

ದಾಖಲಾತಿಯ ಪ್ರಶ್ನೆ

ಈ ಚರ್ಚೆ ಜಾನಪದ ಅಧ್ಯಯನಕ್ಕೆ ಅತ್ಯಂತ ಹತ್ತಿರವಾಗುವುದು ದಾಖಲಾತಿಯ ಸಂದರ್ಭದಲ್ಲಿ. ಎಚ್.ಎಲ್. ನಾಗೇಗೌಡರ ಪೀಳಿಗೆಯವರು ಟೇಪ್ ರೆಕಾರ್ಡರ್ ಹೊತ್ತು ಹಳ್ಳಿಗಳಿಗೆ ಹೋದಾಗ ಕಲಾವಿದರ ನಡುವೆ ತಾವೇ ಮೈಕು ಹಿಡಿದು ಕೂತಿದ್ದರು. ಹಿನ್ನೆಲೆಯಲ್ಲಿ ನಾಯಿ ಬೊಗಳಿದ್ದೂ ಮಗು ಅತ್ತದ್ದೂ ಆ ಟೇಪುಗಳಲ್ಲಿದೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಆ ಮೈಕಿನ ಮುಂದೆ ಯಾರ ದನಿಯೂ ಮುಚ್ಚಿರಲಿಲ್ಲ. ಅನಂತರದ ವರ್ಷಗಳಲ್ಲಿ ಉತ್ಸವ, ಸಭಾಂಗಣಗಳ ಪ್ರದರ್ಶನಗಳನ್ನು ಮಿಕ್ಸರಿನಿಂದ ನೇರವಾಗಿ ಎರಡು ಚಾನೆಲ್ಲಿನಲ್ಲಿ ಮುದ್ರಿಸಿಕೊಳ್ಳುವ ರೂಢಿ ಬಂತು. ಇಂಥ ಧ್ವನಿಮುದ್ರಣ ಶುಭ್ರವಾಗಿರುತ್ತದೆ. ಆದರೆ ಅದರಲ್ಲಿರುವುದು ಆಟವಲ್ಲ, ಆ ಸಂಜೆ ಆಪರೇಟರ್ ಕೇಳಿಸಬೇಕೆಂದು ಆರಿಸಿದ ಆಟ. ಮುಖವೀಣೆಯ ಚಾನೆಲ್ ಮುಚ್ಚಿದ್ದ ಹೊತ್ತಿನಲ್ಲಿ ಮುಖವೀಣೆ ನುಡಿಯುತ್ತಿತ್ತೇ ಎಂಬುದನ್ನು ಮುಂದಿನ ಸಂಶೋಧಕ ಅದರಿಂದ ತಿಳಿಯಲಾರ. ನಾಳೆ ಯಾರಾದರೂ ಇಂಥ ಮುದ್ರಣಗಳನ್ನು ಆಧಾರವಾಗಿಟ್ಟು 'ಈ ಭಾಗದ ಮೂಡಲಪಾಯದಲ್ಲಿ ಮಾತಿನ ಹೊತ್ತಿಗೆ ಹಿಮ್ಮೇಳ ಮೌನವಾಗಿರುತ್ತದೆ' ಎಂದು ಬರೆದರೆ ಅವರ ಮೇಲೆ ತಪ್ಪು ಹೊರಿಸುವಂತಿಲ್ಲ.

ವಿಚಿತ್ರವೆಂದರೆ ಇದಕ್ಕೆ ಪರಿಹಾರವೂ ಅದೇ ಯಂತ್ರದಲ್ಲಿದೆ. ಮೈಕಿನ ದನಿಯನ್ನು ಫೇಡರಿಗೆ ಹೋಗುವ ಮುನ್ನವೇ, ತೆರೆದಿರಲಿ ಮುಚ್ಚಿರಲಿ, ಬೇರೆ ಬೇರೆ ಚಾನೆಲ್ಲುಗಳಾಗಿ ಕಂಪ್ಯೂಟರಿಗೆ ಮುದ್ರಿಸಿಕೊಳ್ಳುವ ಅನುಕೂಲ ಸಾಮಾನ್ಯ ಡಿಜಿಟಲ್ ಮಿಕ್ಸರುಗಳಲ್ಲೇ ಇದೆ. ಹನ್ನೆರಡು ಮೈಕುಗಳ ಎಂಟು ಗಂಟೆಯ ಆಟಕ್ಕೆ 24 ಬಿಟ್, 48 ಕಿಲೋಹರ್ಟ್ಸ್ ಲೆಕ್ಕದಲ್ಲಿ ಬೇಕಾಗುವುದು ಸುಮಾರು 50 ಗಿಗಾಬೈಟ್ ಜಾಗ. ಇಂದಿನ ಸಣ್ಣದೊಂದು ಡಿಸ್ಕಿಗೆ ಅದು ಹೊರೆಯಲ್ಲ. ಸಭಿಕರಿಗೆ ಒಂದೊಂದೇ ದನಿ ಕೇಳಿದರೂ ಸಂಗ್ರಹದಲ್ಲಿ ಎಲ್ಲವೂ ಉಳಿಯುತ್ತವೆ. ಕೇಳಬೇಕಾದವರು ಕೇಳಿದರೆ ಆಪರೇಟರ್ ಇಲ್ಲವೆನ್ನುವುದಿಲ್ಲ. ಸಂಘಟಕರು ಬಾಡಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಬೇಕಾಗುತ್ತದೆ, ಅಷ್ಟೆ. ಆಟಕ್ಕೆ ಮೊದಲು ಭಾಗವತರನ್ನು ಮಿಕ್ಸರಿನ ಬಳಿಗೆ ಕರೆತಂದು ಅರ್ಧ ಗಂಟೆ ಕೂರಿಸುವ ಪರಿಪಾಠವನ್ನೂ ಬೆಳೆಸಬಹುದು.

ಮಿಕ್ಸರಿನ ಫೇಡರುಗಳ ಕೆಳಗೆ ಉದ್ದಕ್ಕೆ ಒಂದು ಬಿಳಿ ಟೇಪು ಅಂಟಿಸಿ ಅದರ ಮೇಲೆ ಯಾವ ಚಾನೆಲ್ ಯಾರದೆಂದು ಆಪರೇಟರುಗಳು ಬರೆದುಕೊಳ್ಳುವುದುಂಟು: ಭಾಗವತರು, ಮದ್ದಳೆ, ತಾಳ, ಸೊಲ್ಲು, ಮುಖವೀಣೆ. ಆಟ ಮುಗಿದೊಡನೆ ಅದನ್ನು ಕಿತ್ತು ಉಂಡೆ ಮಾಡಿ ಎಸೆಯುತ್ತಾರೆ. ಚಾನೆಲ್ಲುಗಳನ್ನು ಬಿಡಿಬಿಡಿಯಾಗಿ ಮುದ್ರಿಸಿಕೊಂಡಾಗ ಆ ಟೇಪಿನ ಪಟ್ಟಿಯನ್ನೂ ಧ್ವನಿಮುದ್ರಣದ ಜೊತೆಗೇ ತೆಗೆದಿಡುವುದು ಅಗತ್ಯ. ಅದಿಲ್ಲದಿದ್ದರೆ ಐವತ್ತು ವರ್ಷಗಳ ಮೇಲೆ ಏಳನೆಯ ಚಾನೆಲ್ಲಿನಲ್ಲಿ ಹಾಡುತ್ತಿರುವವರು ಯಾರೆಂದು ಹೇಳಬಲ್ಲವರು ಸಿಗುವುದಿಲ್ಲ.